ಓದುಗರ ಪ್ರಶ್ನೆ: ನಮ್ಮ ಬಿಸಿಲಿಗೆ ಡ್ಯಾಶ್‌ಕ್ಯಾಮ್ ಬಾಳೀತೇ, ಸಾಕ್ಷಿಯಾದೀತೇ?

ಪ್ರಶ್ನೆ: ನಾನು ಕಲಬುರಗಿಯಿಂದ ಜೇವರ್ಗಿಗೆ ನಿತ್ಯ ಕಾರಿನಲ್ಲಿ ಹೋಗಿಬರುವ ಶಿಕ್ಷಕ. ತೊಗರಿ ರಾಶಿಯ ದಿನಗಳಲ್ಲಿ ಅಡ್ಡದಾರಿಯಿಂದ ಏಕಾಏಕಿ ನುಗ್ಗಿದ ಬೈಕೊಂದು ನನ್ನ ಕಾರಿನ ಬಂಪರಿಗೆ ತಗುಲಿತು. ಸವಾರನ ಮೊಣಕೈ ತರಚಿತ್ತು, ಅಷ್ಟೆ. ಸೇರಿದ ಜನ ತಪ್ಪು ಕಾರಿನವರದೇ ಎಂದರು. 6,000 ರೂಪಾಯಿ ಕೊಟ್ಟು ಬಂದೆ. ಎದುರಿನ ರಸ್ತೆಯನ್ನು ಚಿತ್ರೀಕರಿಸುತ್ತಲೇ ಇರುವ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್ ಹಾಕಿಸಿದರೆ ಇಲ್ಲಿನ ಬಿಸಿಲಿಗೆ ಬಾಳುತ್ತದೆಯೇ? ಅದರ ದೃಶ್ಯವನ್ನು ನ್ಯಾಯಾಲಯ ಒಪ್ಪುತ್ತದೆಯೇ?
– ಓದುಗರು, ಕಲಬುರಗಿ

ಉತ್ತರ: ಹಾಕಿಸಿಕೊಳ್ಳಿ ಎಂಬುದೇ ನನ್ನ ಸಲಹೆ. 2023ರಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್‌ನಂಥ ಸಣ್ಣ ಕಾರಿನ ಕೆಲವು ಮಾದರಿಗಳಲ್ಲೂ ಇದನ್ನು ಕಂಪನಿಯೇ ಅಳವಡಿಸಿ ಕೊಡುತ್ತಿರುವುದರಿಂದ, ಇದು ಶ್ರೀಮಂತರ ಶೋಕಿಯಾಗಿ ಉಳಿದಿಲ್ಲ.

ನಿಮ್ಮ ಮೊದಲ ಆತಂಕ ಸರಿಯಾದುದೇ. ನೆರಳಿನಲ್ಲೇ 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ, ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಿನ ಶಾಖ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಲಿಥಿಯಂ ಬ್ಯಾಟರಿಯುಳ್ಳ ಅಗ್ಗದ ಕ್ಯಾಮೆರಾಗಳು ಸೋಲುವುದು ಇಲ್ಲಿಯೇ. ಉಬ್ಬಿದ ಬ್ಯಾಟರಿ ಹಿಂಬದಿಯ ಮುಚ್ಚಳವನ್ನೇ ತಳ್ಳಿ ಬಿರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ ಇರುವುದನ್ನೇ ಕೇಳಿ ಕೊಳ್ಳಿ. ಅದು ಶಾಖವನ್ನು ಹೆಚ್ಚು ತಾಳುತ್ತದೆ, ವಿದ್ಯುತ್ ಕಡಿದಾಗ ಕೊನೆಯ ದೃಶ್ಯವನ್ನು ಉಳಿಸುವಷ್ಟು ಶಕ್ತಿಯನ್ನೂ ಹಿಡಿದಿಟ್ಟಿರುತ್ತದೆ. ಮೆಮೊರಿ ಕಾರ್ಡು ಮೊಬೈಲಿನದಾದರೆ ಸಾಲದು; ಬಿಡುವಿಲ್ಲದೆ ಬರೆಯಲೆಂದೇ ತಯಾರಾದ ಹೈ ಎಂಡ್ಯೂರೆನ್ಸ್ ಕಾರ್ಡು ಬೇಕು.

ಹೆಚ್ಚಿನವರು ಎಡವುವುದು ಅಪಘಾತವಾದ ಮೇಲೆ. ಕಾರ್ಡು ತುಂಬಿದಂತೆ ಕ್ಯಾಮೆರಾ ಹಳೆಯ ದೃಶ್ಯವನ್ನು ಅಳಿಸಿ ಹೊಸದನ್ನು ಬರೆಯುತ್ತ ಹೋಗುತ್ತದೆ. ಜೋರಾದ ಹೊಡೆತ ಬಿದ್ದರೆ ಅದರೊಳಗಿನ ಜಿ-ಸೆನ್ಸರ್ ಎಂಬ, ಹೊಡೆತವನ್ನು ಗುರುತಿಸುವ ಸಾಧನ ಆ ಭಾಗವನ್ನು ಅಳಿಸಿಹೋಗದಂತೆ ತಾನೇ ಲಾಕ್ ಮಾಡುತ್ತದೆ, ಆದರೆ ನಿಮ್ಮ ಬಂಪರಿಗೆ ತಗುಲಿದಂಥ ಮೆಲುವಾದ ಪೆಟ್ಟು ಅದರ ಅರಿವಿಗೇ ಬಾರದಿರಬಹುದು. ಆದಕಾರಣ ಗಾಯಗೊಂಡವರನ್ನು ನೋಡಿಕೊಂಡ ಕೂಡಲೇ ಲಾಕ್ ಗುಂಡಿ ಒತ್ತಿ, ಆಮೇಲೆ ಕ್ಯಾಮೆರಾ ಆರಿಸಿ ಕಾರ್ಡನ್ನೇ ತೆಗೆದಿಟ್ಟುಕೊಳ್ಳಿ. ಬೇರೊಂದು ಕಾರ್ಡು ಸದಾ ಗಾಡಿಯಲ್ಲಿರಲಿ.

ಇನ್ನು ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಇಂಥ ದೃಶ್ಯದ ಪ್ರತಿಯನ್ನು ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸಲು ಅದರಿಂದಲೇ ಲೆಕ್ಕ ಹಾಕಿದ ಸಂಕೇತ) ನಮೂದಿಸಿದ ಪ್ರಮಾಣಪತ್ರದೊಡನೆ ನ್ಯಾಯಾಲಯಕ್ಕೆ ಸಲ್ಲಿಸಬಹುದು. ಅದನ್ನು ವಕೀಲರ ಮೂಲಕ ಮಾಡಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಕುಗ್ಗಿ ಬದಲಾಗಿರುತ್ತದೆ, ಅದನ್ನೇ ನೆಚ್ಚಿಕೊಂಡು ಮೂಲ ಕಾರ್ಡನ್ನು ಅಳಿಸಬೇಡಿ. ಕ್ಯಾಮೆರಾದ ತಾರೀಕು, ವೇಳೆ ತಪ್ಪಾಗಿದ್ದರೆ ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಅದನ್ನೇ. ನೀವು ವೇಗ ಮೀರಿದ್ದರೆ ಅದೂ ದಾಖಲಾಗಿರಬಹುದೆಂಬುದು ನೆನಪಿರಲಿ. ಆ ಸವಾರನ ಮುಖವನ್ನು ಫೇಸ್‌ಬುಕ್ಕಿಗೆ ಹಾಕುವುದು ಮಾತ್ರ ಖಂಡಿತ ಬೇಡ.

ಕ್ಯಾಮೆರಾವನ್ನು ಒಳಗನ್ನಡಿಯ ಹಿಂದೆ, ನಿಮ್ಮ ನೋಟಕ್ಕೆ ಅಡ್ಡವಾಗದಂತೆ ಕೂರಿಸಿ. ಮೊದಲ ವಾರದಲ್ಲೇ ಒಂದು ರಾತ್ರಿಯ ದೃಶ್ಯವನ್ನು ಕಂಪ್ಯೂಟರಿನಲ್ಲಿ ಹಾಕಿ, ಎದುರಿನ ಗಾಡಿಗಳ ನಂಬರು ಓದಲು ಬರುತ್ತದೆಯೇ ನೋಡಿ. ಬಾರದಿದ್ದರೆ ಅಂಗಡಿಗೆ ಹಿಂತಿರುಗಿಸಿ ಬೇರೆಯದನ್ನು ಕೇಳಿ.