ತೋಟಗಾರಿಕೆ ಓದಲು ಮಗಳನ್ನು ಎಲ್ಲಿಗೆ ಕಳಿಸಲಿ?

ಓದುಗರ ಪತ್ರ: "ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಏಳು ಎಕರೆ ಕಾಫಿ ತೋಟ. ಮಗಳು ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದಾಳೆ. ತೋಟಗಾರಿಕೆ ಡಿಗ್ರಿ ಮಾಡಿ ಊರಿಗೇ ಬರುತ್ತೇನೆ ಅನ್ನುತ್ತಾಳೆ. ಪೊನ್ನಂಪೇಟೆ ಕಾಲೇಜು ಹತ್ತಿರ ಇದೆಯಲ್ಲ, ಅಲ್ಲೇ ಸೇರಲಿ ಎನ್ನುವುದು ನನ್ನ ಹೆಂಡತಿಯ ಮಾತು. ನನಗೆ ಮೂಡಿಗೆರೆ ಸರಿ ಅನ್ನಿಸುತ್ತದೆ, ಅಲ್ಲೂ ಕಾಫಿ ತಾನೆ? ಪರಿಚಯದವರೊಬ್ಬರು ಹೊರರಾಜ್ಯದ ಖಾಸಗಿ ಕಾಲೇಜಿನಲ್ಲಿ ಸೀಟು ಮಾಡಿಸಿಕೊಡುತ್ತಾರಂತೆ, ಈಗಲೇ ಮುಂಗಡ ಕೊಡಬೇಕಂತೆ. ನಮ್ಮ ತಂದೆಯವರಂತೂ 'ಗಿಡ ಸವರೋಕೆ, ಕಪಾತು ಮಾಡೋಕೆ ಡಿಗ್ರಿ ಯಾಕೆ?' ಅಂತ ಕೂತಿದ್ದಾರೆ. ಜಾಗ ಇನ್ನೂ ಅವರ ಹೆಸರಿನಲ್ಲೇ ಇದೆ. ಏನು ಮಾಡಲಿ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರಕ್ಕೆ ಹೋದ ಸಂಚಿಕೆಯಲ್ಲೇ ಉತ್ತರ ಬರೆಯಬೇಕಿತ್ತು. ಕೊಯ್ಲಿನ ಸಮಯ, ನಮ್ಮ ಕಚೇರಿಯ ಅರ್ಧ ಜನ ಕಣದಲ್ಲಿದ್ದರು. ಕ್ಷಮಿಸಿ.

ಮೊದಲು ನಿಮ್ಮ ಮನೆಯವರ ಮಾತು. ಪೊನ್ನಂಪೇಟೆಯಲ್ಲಿರುವುದು ಅರಣ್ಯ ಮಹಾವಿದ್ಯಾಲಯ. 1995ರಲ್ಲಿ ಶುರುವಾದದ್ದು. ಅಲ್ಲಿ ಕೊಡುವುದು ಅರಣ್ಯಶಾಸ್ತ್ರದ ಡಿಗ್ರಿ, ತೋಟಗಾರಿಕೆಯದಲ್ಲ. ಒಳ್ಳೆಯ ಓದು, ನಮ್ಮ ತೋಟದ ನೆರಳು ಮರಗಳ ಬಗ್ಗೆ ಯೋಚಿಸುವವರಿಗೆ ಬೇಕಾದ ಓದು ಕೂಡ. ಆದರೆ ಮಗಳು ಕೇಳುತ್ತಿರುವುದು ಅದನ್ನಲ್ಲ. ಈ ಗೊಂದಲಕ್ಕೆ ನಿಮ್ಮ ಮನೆಯವರನ್ನು ದೂರುವ ಹಕ್ಕು ನನಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆಯೇ ಕಾಲೇಜುಗಳ ಪಟ್ಟಿಯಲ್ಲಿ ಪೊನ್ನಂಪೇಟೆಯನ್ನು ತೋಟಗಾರಿಕೆಯ ಕೆಳಗೆ ಅಚ್ಚು ಹಾಕಿ, ಎರಡು ವಾರ ಫೋನಿನಲ್ಲಿ ಬೈಸಿಕೊಂಡಿತ್ತು.

ಮುಂಗಡ ಕೇಳುವವರ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕೊಡಬೇಡಿ. ಯಾವುದೇ ಖಾಸಗಿ ಕಾಲೇಜಿನ ಬಗ್ಗೆ ಮೊದಲು ಕೇಳಬೇಕಾದದ್ದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಮಾನ್ಯತೆ ಇದೆಯೇ ಎಂದು. ಮುಂದೆ ಎಂ.ಎಸ್ಸಿ.ಗೆ ಹೋಗುವಾಗ ಆ ಪ್ರಶ್ನೆ ಎದುರಾಗುತ್ತದೆ, ಆಗ ಸೀಟು ಮಾಡಿಸಿಕೊಟ್ಟವರು ಫೋನ್ ಎತ್ತುವುದಿಲ್ಲ.

ಇನ್ನು ಹಿರಿಯರು. ಕಪಾತಿನ ಮಟ್ಟಿಗೆ ಅವರು ಹೇಳುವುದು ನಿಜವೇ. ಯಾವ ರೆಂಬೆ ಉಳಿಸಬೇಕು, ಯಾವ ಚಿಗುರು ತೆಗೆಯಬೇಕು ಎನ್ನುವುದು ಅವರ ಕೈಗೆ ಗೊತ್ತಿರುವಷ್ಟು ಯಾವ ಪ್ರೊಫೆಸರ್ ಕೈಗೂ ಗೊತ್ತಿರಲಾರದು. ಆದರೆ ಅವರನ್ನೇ ಒಂದು ಪ್ರಶ್ನೆ ಕೇಳಿ: ನಿಮ್ಮ ತೋಟದಲ್ಲಿದ್ದ ಕಿತ್ತಳೆ ಮರಗಳು ಎಲ್ಲಿ ಹೋದವು? ಅವರ ಕಾಲದಲ್ಲಿ ಕಾಫಿ ನಡುವೆ ಕಿತ್ತಳೆ ಇಲ್ಲದ ತೋಟ ಸುಂಟಿಕೊಪ್ಪದ ಕಡೆ ಇದ್ದಿರಲಾರದು. ಎಲೆ ಹಳದಿಯಾಯಿತು, ಕಾಯಿ ಸಣ್ಣದಾಯಿತು, ಒಂದು ಬದಿಯ ಕೊಂಬೆ ಒಣಗಿತು, ಮರ ಹೋಯಿತು. ಗೊಬ್ಬರ ಸಾಲದೆ ಹೀಗಾಯಿತೆಂದು ಹಲವರು ಗೊಬ್ಬರ ಸುರಿದರು. ಅದು ಗ್ರೀನಿಂಗ್ ರೋಗ. ಮರದ ಆಹಾರ ಸಾಗುವ ನಾಳಗಳೊಳಗೆ ಕೂತ ಬ್ಯಾಕ್ಟೀರಿಯಾ. ಸಿಲ್ಲಿಡ್ ಎಂಬ ಪುಟ್ಟ ರಸ ಹೀರುವ ಕೀಟ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ, ರೋಗದ ಮರದಿಂದ ತೆಗೆದ ಕಣ್ಣು ಕಸಿ ಮಾಡಿದರೆ ನಾವೇ ಒಯ್ದಂತೆ. ತಗುಲಿದ ಮೇಲೆ ಔಷಧಿಯಿಲ್ಲ. ಶುದ್ಧ ಸಸಿ, ಕೀಟದ ಹತೋಟಿ, ರೋಗದ ಮರವನ್ನು ಕಿತ್ತು ಹಾಕುವುದು, ಇಷ್ಟೇ ದಾರಿ. ಅದರ ಜೊತೆ ಬೇರು ಕೊಳೆಯೂ ಸೇರಿಕೊಂಡಿತು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಗುವ ಹೊತ್ತಿಗೆ ಹಣ್ಣನ್ನು ಹುಡುಕಿಕೊಂಡು ಹೋಗುವ ಸ್ಥಿತಿ ಬಂದಿತ್ತು.

ಈಗ ಬೆಣ್ಣೆಹಣ್ಣಿನ ಸರದಿ. ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ "ಮರ ತುಂಬ ಹೂ, ಕಾಯಿ ಇಲ್ಲ" ಎನ್ನುವವು ಎಷ್ಟೋ. ಬೆಣ್ಣೆಹಣ್ಣಿನ ಒಂದೊಂದು ಹೂವೂ ಎರಡು ಸಲ ಅರಳುತ್ತದೆ, ಮೊದಲ ಸಲ ಹೆಣ್ಣಾಗಿ, ಎರಡನೆಯ ಸಲ ಗಂಡಾಗಿ. 'ಎ' ಗುಂಪಿನ ಮರದಲ್ಲಿ ಬೆಳಿಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. 'ಬಿ' ಗುಂಪಿನದರಲ್ಲಿ ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಎರಡೂ ಗುಂಪು ಹತ್ತಿರದಲ್ಲಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಇದು ಗೊತ್ತಿಲ್ಲದೆ ನರ್ಸರಿಯವನು ಕೊಟ್ಟ ಒಂದೇ ಜಾತಿಯ ಸಸಿಯನ್ನು ಎಕರೆಗಟ್ಟಲೆ ನೆಟ್ಟವರಿದ್ದಾರೆ. ಡಿಗ್ರಿ ಯಾಕೆ ಅಂದರೆ ಇಂಥದ್ದಕ್ಕೆ ಅಂತ ಹಿರಿಯರಿಗೆ ಹೇಳಿ. ಒಪ್ಪದಿದ್ದರೆ ಅವರನ್ನೂ ಮಗಳನ್ನೂ ಒಟ್ಟಿಗೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಿಮಗೆ ಹತ್ತಿರ. ಕೂರ್ಗ್ ಹನಿಡ್ಯೂ ಪಪ್ಪಾಯ ಹೊರಬಿದ್ದದ್ದು ಅಲ್ಲಿಂದಲೇ. ಕಿತ್ತಳೆ, ಬೆಣ್ಣೆಹಣ್ಣು, ರಾಂಬುಟಾನ್ ಮೇಲೆ ಅಲ್ಲಿ ಕೆಲಸ ನಡೆಯುತ್ತಿದೆ. ಹಿರಿಯರು ಅಲ್ಲಿ ಮಾತಾಡಲು ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದು ಕಷ್ಟ, ಬುತ್ತಿ ಕಟ್ಟಿಕೊಂಡು ಹೋಗಿ.

ಈಗ ನಿಮ್ಮ ಮೂಡಿಗೆರೆ. ಹಳೆಯ ಕಾಲೇಜು, 1991ರದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಹುಟ್ಟಿದ್ದೇ 2008ರಲ್ಲಿ. ಮೊದಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಮೂಡಿಗೆರೆ ಬಾಗಲಕೋಟೆಗೆ ಸೇರಿತು, ಅಲ್ಲಿಂದ ಶಿವಮೊಗ್ಗದ ವಿಶ್ವವಿದ್ಯಾಲಯಕ್ಕೆ ಬಂತು. ಬೋರ್ಡು ಬದಲಾಗುತ್ತಿರುತ್ತದೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಳೆ, ಇಳಿಜಾರು, ಕಾಳುಮೆಣಸು, ಏಲಕ್ಕಿ, ಎಲ್ಲ ನಮ್ಮ ಹಾಗೆಯೇ. ಅಲ್ಲಿ ಸೀಟು ಸಿಕ್ಕರೆ ಯಾರೂ ಬೇಸರಪಡಬೇಕಾಗಿಲ್ಲ.

ಆದರೂ ನೀವು ಕೇಳಿದ್ದು ನನ್ನ ಅಭಿಪ್ರಾಯ. ನನ್ನ ಮಗಳಾಗಿದ್ದರೆ ಮೊದಲ ಆಯ್ಕೆಯಾಗಿ ಬಾಗಲಕೋಟೆ ಬರೆಸುತ್ತಿದ್ದೆ. ನಗಬೇಡಿ, ಕಾರಣ ಕೇಳಿ.

ಒಂದನೆಯದಾಗಿ, ಬಿ.ಎಸ್ಸಿ. ತೋಟಗಾರಿಕೆ ಎಂದರೆ ಕಾಫಿ ಓದು ಎಂದು ನೀವು ಅಂದುಕೊಂಡಿರುವ ಹಾಗಿದೆ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಹಣ್ಣು, ತರಕಾರಿ, ಹೂವು, ಸಂಬಾರ ಬೆಳೆ, ಔಷಧಿ ಗಿಡ, ಮಣ್ಣು, ಕೀಟ, ರೋಗ, ಕೊಯ್ಲಿನ ನಂತರದ ಸಂಸ್ಕರಣೆ. ಅದರಲ್ಲಿ ಕಾಫಿಗೆ ಸಿಗುವುದು ತೋಟದ ಬೆಳೆಗಳ ಪಾಠದಲ್ಲಿ ಒಂದು ಪಾಲು, ಅಡಿಕೆ, ತೆಂಗು, ರಬ್ಬರ್ ಜೊತೆ. ಕಾಫಿ ಕಲಿಯಲು ನಿಮ್ಮ ಮನೆ ಇದೆ, ಹಿರಿಯರಿದ್ದಾರೆ, ಚೆಟ್ಟಳ್ಳಿಯಲ್ಲೇ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಏಲಕ್ಕಿಗೆ ಅಪ್ಪಂಗಳದ ಸಂಶೋಧನಾ ಕೇಂದ್ರ ಇದೆ, ಕಟ್ಟೆ ರೋಗ ತಡೆಯುವ ತಳಿ ಬಂದದ್ದು ಅಲ್ಲಿಂದ. ನಮ್ಮ ಕಾಫಿ ಸೀಮೆಯಲ್ಲಿ ಇಷ್ಟೆಲ್ಲ ಇರುವಾಗ ಅಡುಗೆಮನೆ ಕಿಟಕಿಯಿಂದ ಕಾಣುವುದನ್ನೇ ಮತ್ತೆ ನೋಡಲು ನಾಲ್ಕು ವರ್ಷ ಬೇಕೆ?

ಎರಡನೆಯದು ನೀರು. ನಾವು ಫೆಬ್ರುವರಿ ಕೊನೆಯಿಂದ ಆಕಾಶ ನೋಡುತ್ತಾ ಕೂರುವವರು. ಹೂಮಳೆ ಬಂತೋ, ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗೆ. ಬರಲಿಲ್ಲವೋ, ಕೆರೆಯಿದ್ದವರು ಸ್ಪ್ರಿಂಕ್ಲರ್ ತಿರುಗಿಸುತ್ತಾರೆ, ಇಲ್ಲದವರು ದೇವರಿಗೆ ಹರಕೆ ಹೊರುತ್ತಾರೆ. ಕಾಫಿ ಮೊಗ್ಗು ಒಣಹವೆಯಲ್ಲಿ ನಿದ್ದೆ ಹೋಗಿ, ನೀರು ಬಿದ್ದಾಗ ಎಚ್ಚರವಾಗುವುದೇ ಇದರ ಗುಟ್ಟು. ಬಾಗಲಕೋಟೆಯ ದಾಳಿಂಬೆ ಬೆಳೆಗಾರ ಇದೇ ಗುಟ್ಟನ್ನು ಕೈಯಲ್ಲಿ ಹಿಡಿದುಕೊಂಡಿದ್ದಾನೆ. ಬೇಕೆಂದೇ ಗಿಡಕ್ಕೆ ನೀರು ನಿಲ್ಲಿಸುತ್ತಾನೆ, ಎಲೆ ಉದುರಿಸುತ್ತಾನೆ, ಆಮೇಲೆ ತನಗೆ ಬೇಕಾದ ತಿಂಗಳಲ್ಲಿ ನೀರು ಬಿಟ್ಟು ಹೂ ಬರಿಸುತ್ತಾನೆ. ಅದಕ್ಕೆ ಬಹಾರ್ ಅನ್ನುತ್ತಾರೆ. ಪಕ್ಕದ ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ, ಏಪ್ರಿಲ್‌ನದು ಕಡ್ಡಿ ಕಟ್ಟಲು, ಅಕ್ಟೋಬರ್‌ನದು ಹಣ್ಣಿಗೆ. ನಮ್ಮ ಕಪಾತಿಗೆ ಅಲ್ಲಿ ಚಾಟ್ನಿ ಅಂತ ಹೆಸರು, ಮಗಳು ಮೊದಲ ವಾರ ಊಟದ ಮನೆಯ ಚಟ್ನಿ ಅಂದುಕೊಂಡರೆ ಆಶ್ಚರ್ಯವಿಲ್ಲ. ಹನಿ ಹನಿ ಲೆಕ್ಕ ಹಾಕಿ, ಆ ಹನಿಯಲ್ಲೇ ಗೊಬ್ಬರ ಕೊಟ್ಟು ಬೆಳೆಯುವವರ ನಡುವೆ ನಾಲ್ಕು ವರ್ಷ ಇದ್ದು ಬಂದ ಹುಡುಗಿ, ನಿಮ್ಮ ತೋಟದ ಕೆರೆ ಮಾರ್ಚ್‌ನಲ್ಲಿ ತಳ ಕಂಡಾಗ ಉಪಯೋಗಕ್ಕೆ ಬರುತ್ತಾಳೆ. ಬೆಳಗಾವಿ ಜಿಲ್ಲೆಯ ಅರಭಾವಿಯ ಕಾಲೇಜಿಗೂ ಈ ಮಾತು ಸಲ್ಲುತ್ತದೆ.

ನಿಮ್ಮ ಮನೆಯವರು ಇದನ್ನು ಓದಿ ನನ್ನ ಮೇಲೆ ಸಿಟ್ಟಾಗಿರುತ್ತಾರೆ. ರಾತ್ರಿಯಿಡೀ ಬಸ್ಸಿನ ಪ್ರಯಾಣ, ಬಿಸಿಲು, ರೊಟ್ಟಿ. ಅಷ್ಟು ದೂರ ಬೇಡವೇ ಬೇಡ ಎಂದಾದರೆ ಮೈಸೂರಿನ ಕಾಲೇಜು ಇಲವಾಲದ ಕಡೆ ಇದೆ, ನೀವು ಮೈಸೂರಿಗೆ ಹೋಗುವ ದಾರಿಯೇ. ಶನಿವಾರ ಸಂಜೆ ಮಗಳು ಮನೆಯಲ್ಲಿರುತ್ತಾಳೆ. ಮಲೆನಾಡೇ ಬೇಕು ಆದರೆ ಕಾಫಿ ಬೇಡ ಅನ್ನುವವರಿಗೆ ಶಿರಸಿ. ತರಕಾರಿ, ಮಾರುಕಟ್ಟೆ ಮೇಲೆ ಕಣ್ಣಿದ್ದರೆ ಕೋಲಾರ. ಎಂ.ಎಸ್ಸಿ., ಸಂಶೋಧನೆ ಅಂತ ಮನಸ್ಸಿದ್ದರೆ ಬೆಂಗಳೂರು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ಕಾಲೇಜು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ದೂರವಿಲ್ಲ.

ಯಾವುದೇ ಇರಲಿ, ಪಟ್ಟಿ ಬರೆಯುವ ಮೊದಲು ಒಂದೆರಡು ಕಾಲೇಜಿಗಾದರೂ ಹೋಗಿ ಬನ್ನಿ. ಕಟ್ಟಡ ನೋಡಬೇಡಿ, ನರ್ಸರಿಗೆ ಹೋಗಿ. ಅಲ್ಲಿಂದ ಸುತ್ತಲಿನ ರೈತರು ಸಸಿ ಕೊಳ್ಳುತ್ತಾರೆಯೇ? ಕಸಿ ಕಟ್ಟುತ್ತಿರುವವರು ವಿದ್ಯಾರ್ಥಿಗಳೋ, ಬರೀ ಆಳುಗಳೋ? ಕೊನೆಯ ವರ್ಷದ ಒಬ್ಬ ಹುಡುಗಿಯನ್ನು ಹಿಡಿದು, ಕೈಯಾರೆ ಎಷ್ಟು ಕಸಿ ಕಟ್ಟಿದ್ದೀಯಮ್ಮ, ಎಷ್ಟು ಬದುಕಿದವು ಅಂತ ಕೇಳಿ. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವ ಅವಧಿ ಇರುತ್ತದೆ, ಅದನ್ನು ಯಾವ ಹಳ್ಳಿಯಲ್ಲಿ, ಹೇಗೆ ಕಳೆದಿರಿ ಎಂದೂ ಕೇಳಿ. ಉತ್ತರ ಹೇಳುವಾಗ ಮುಖ ಅರಳಿದರೆ ಕಾಲೇಜು ಚೆನ್ನಾಗಿದೆ.

ಸೀಟು ಸಿಗುವುದು ಸಿಇಟಿ ಮೂಲಕ. ರೈತರ ಮಕ್ಕಳಿಗೆ ಸೀಟುಗಳಲ್ಲಿ ದೊಡ್ಡ ಪಾಲು ಮೀಸಲಿದೆ, ಅದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆ ಇದೆ. ನಮ್ಮ ಮಕ್ಕಳು ಎಡವುವುದು ಇಲ್ಲಿ. ಬೀಜ, ಗಿಡ, ಉಪಕರಣಗಳನ್ನು ಮುಂದಿಟ್ಟು ಗುರುತಿಸಿ ಎನ್ನುತ್ತಾರೆ. ಕಾಳುಮೆಣಸಿನ ಬಳ್ಳಿಯನ್ನು ಕಣ್ಣು ಮುಚ್ಚಿ ಹೇಳುವ ಹುಡುಗಿಗೆ ಸಜ್ಜೆ ಯಾವುದು, ನವಣೆ ಯಾವುದು, ಹರಳು ಯಾವುದು ಗೊತ್ತಿರುವುದಿಲ್ಲ. ನೇಗಿಲು ಗದ್ದೆಯಲ್ಲಿ ನೋಡಿರುತ್ತಾಳೆ, ಬೀಜ ಬಿತ್ತುವ ಕೂರಿಗೆಯನ್ನು ಕೊಡಗಿನಲ್ಲಿ ಎಲ್ಲಿ ನೋಡಬೇಕು? ಪಟ್ಟಿಯಲ್ಲಿ ಕಾಲೇಜುಗಳನ್ನು ಮನಸ್ಸಿಗೆ ಬೇಕಾದ ಕ್ರಮದಲ್ಲೇ ಬರೆಯಲಿ, ಸಿಕ್ಕರೂ ಹೋಗುವುದಿಲ್ಲ ಎನ್ನುವ ಹೆಸರನ್ನು ಸುಮ್ಮನೆ ತುಂಬಿಸುವುದು ಬೇಡ.

ಜಾಗ ತಂದೆಯವರ ಹೆಸರಿನಲ್ಲಿದೆ ಎಂದಿದ್ದೀರಿ. ಜಮ್ಮಾ ಜಾಗವಿದ್ದು, ಅಂದರೆ ಕುಟುಂಬದ ವಂಶಪಾರಂಪರ್ಯ ಜಮೀನಿದ್ದು, ಪಟ್ಟೆದಾರರಾದ ಕುಟುಂಬದ ಹಿರಿಯರ ಹೆಸರು ಮಾತ್ರ ಇರುವ ಮನೆಗಳಲ್ಲೂ ಇದೇ ತೊಡಕು. ರೈತರ ಮಕ್ಕಳ ಮೀಸಲಾತಿಗೆ ಪಹಣಿಗೂ ಮಗಳಿಗೂ ಇರುವ ಸಂಬಂಧ ಕಾಗದದಲ್ಲಿ ತೋರಿಸಬೇಕಾಗುತ್ತದೆ, ವಂಶವೃಕ್ಷ ಮಾಡಿಸಬೇಕಾಗಬಹುದು. ಈ ವರ್ಷದ ಸಿಇಟಿ ಕೈಪಿಡಿಯಲ್ಲಿ ಯಾವ ನಮೂನೆ ಕೇಳಿದ್ದಾರೆ ನೋಡಿಕೊಂಡು, ಫಲಿತಾಂಶದವರೆಗೆ ಕಾಯದೆ ಕುಶಾಲನಗರದ ತಾಲ್ಲೂಕು ಕಚೇರಿಗೆ ಈ ವಾರವೇ ಹೋಗಿ. ಒಂದೇ ದಿನಕ್ಕೆ ಆಗುವ ಕೆಲಸವಲ್ಲ. ಬರುವಾಗ ದಿನಸಿ ಅಂಗಡಿಯಲ್ಲಿ ಜೋಳ, ಸಜ್ಜೆ, ನವಣೆ, ಹುಚ್ಚೆಳ್ಳು, ತೊಗರಿ, ಸಿಕ್ಕಷ್ಟು ಜಾತಿಯವನ್ನು ಒಂದೊಂದು ಹಿಡಿ ಕಟ್ಟಿಸಿಕೊಂಡು ಬನ್ನಿ. ಹೆಸರು ಬರೆಯದ ಡಬ್ಬಿಗಳಲ್ಲಿ ಹಾಕಿ ಮಗಳ ಮೇಜಿನ ಮೇಲಿಡಿ. ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿ, ಅವರಿಗೆ ಎಷ್ಟು ಗೊತ್ತು ಎಂದು ನನಗೂ ಬರೆಯಿರಿ.

— ಸಂ.