ಅಕಿಲೀಸ್ ಮೊದಲು ಹೀಗಿರಲಿಲ್ಲ

ಗ್ರೀಕ್ ವೀರ ಅಕಿಲೀಸ್ ಹುಟ್ಟಿನಿಂದಲೇ ಕ್ರೂರಿಯಾ, ಇಲ್ಲ ಟ್ರಾಯ್ ಯುದ್ಧ ಹಾಗೆ ಮಾಡಿತಾ ಅಂತ ಕೇಳಿದ್ದೀರಲ್ಲ, ನನ್ನ ಪ್ರಕಾರ ಯುದ್ಧವೇ. ಆ ಯುದ್ಧದ ಕತೆ ಹೇಳುವ ಹೋಮರನ ಕಾವ್ಯ ಇಲಿಯಡ್‌ನ 6ನೇ ಭಾಗದಲ್ಲಿ ಟ್ರಾಯ್ ಕಡೆಯ ವೀರ ಹೆಕ್ಟರನ ಹೆಂಡತಿ ಹೇಳುವ ಮಾತು ನೋಡಿ: ಅವಳ ಅಪ್ಪನನ್ನು ಕೊಂದವನು ಅಕಿಲೀಸನೇ, ಆದರೂ ಮೈಮೇಲಿನ ಕವಚ ಕಿತ್ತುಕೊಳ್ಳದೆ ಮರ್ಯಾದೆಯಿಂದ ಸುಟ್ಟು ಮಣ್ಣಿನ ದಿಬ್ಬ ಎಬ್ಬಿಸಿದ್ದ. ಅದೇ ಮನುಷ್ಯ 21ನೇ ಭಾಗದಲ್ಲಿ ಹೇಗಾಗಿದ್ದಾನೆ! ಹಿಂದೊಮ್ಮೆ ತಾನೇ ಹಿಡಿದು, ಕೊಲ್ಲದೆ ಮಾರಿದ್ದ ಟ್ರಾಯ್‌ನ ರಾಜಕುಮಾರ ಲೈಕೇಯನ್ ಮತ್ತೆ ಸಿಗುತ್ತಾನೆ. ಪಾಪ, ಅವನು ಮನೆ ಸೇರಿ ಬರೀ 12ನೇ ದಿನ. ಒಂದು ಕೈಯಲ್ಲಿ ಅಕಿಲೀಸನ ಮಂಡಿ, ಇನ್ನೊಂದರಲ್ಲಿ ಇವನದೇ ಈಟಿ ಹಿಡಿದು ಬೇಡುತ್ತಾನೆ. ಅಕಿಲೀಸ್ ಕೂಗಾಡುವುದಿಲ್ಲ. ಗೆಳೆಯಾ, ನೀನೂ ಸಾಯಿ, ನಿನಗಿಂತ ಎಷ್ಟೋ ಮೇಲಾದ ಪೆಟ್ರೋಕ್ಲಸ್ಸೇ ಸತ್ತನಲ್ಲ ಅನ್ನುತ್ತಾನೆ. (ಪೆಟ್ರೋಕ್ಲಸ್ ಅಂದರೆ ಇದೇ ಯುದ್ಧದಲ್ಲಿ ಸತ್ತ ಅಕಿಲೀಸನ ಪ್ರಾಣಸ್ನೇಹಿತ.) ಆಮೇಲೆ ಹೆಣವನ್ನು ಕಾಲು ಹಿಡಿದು ನದಿಗೆ ಎಸೆಯುತ್ತಾನೆ, ಮೀನು ತಿನ್ನಲಿ ಅಂತ. ಈಟಿಗಿಂತ ಆ 'ಗೆಳೆಯಾ' ಅನ್ನೋ ಮಾತೇ ಜಾಸ್ತಿ ಭಯ ಹುಟ್ಟಿಸುತ್ತೆ, ಅಲ್ವಾ?