ಇಎಸ್‌ಪಿ32 ಬೋರ್ಡನ್ನು ಡೀಪ್ ಸ್ಲೀಪ್‌ಗೆ ಹಾಕಿದರೂ ಬ್ಯಾಟರಿ ವಾರದಲ್ಲೇ ಖಾಲಿಯಾಗುವುದೇಕೆ?

ನಿದ್ದೆ ಹೋಗುವುದು ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ ಮಾತ್ರ, ಅದನ್ನು ಕೂರಿಸಿದ ಇಡೀ ಬೋರ್ಡ್ ಅಲ್ಲ.

ಡೀಪ್ ಸ್ಲೀಪ್ ಅಂದರೆ ಎಬ್ಬಿಸುವ ಟೈಮರ್ ಬಿಟ್ಟು ಹೆಚ್ಚುಕಡಿಮೆ ಎಲ್ಲವೂ ಆಫ್. ಆಗ ಇಎಸ್‌ಪಿ32 ಚಿಪ್ ಎಳೆಯುವ ಕರೆಂಟ್ ಸುಮಾರು 10 ಮೈಕ್ರೋಆಂಪ್. ಆದರೆ ಕಲಿಯಲು ಕೊಳ್ಳುವ ಅಗ್ಗದ ಬೋರ್ಡ್‌ನಲ್ಲಿ ಪಕ್ಕದವರು ಮಲಗುವುದೇ ಇಲ್ಲ. ಪವರ್ ಎಲ್‌ಇಡಿ ಉರಿಯುತ್ತಲೇ ಇರುತ್ತದೆ. ಯುಎಸ್‌ಬಿ ಚಿಪ್ ಕೂಡ ಎಚ್ಚರವಾಗಿರಬಹುದು. ಇನ್ನು 5 ವೋಲ್ಟನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್ ಇದೆಯಲ್ಲ, ಅಸಲಿ ಕಳ್ಳ ಅದೇ. ಇಂಥ ಬೋರ್ಡ್‌ಗಳಲ್ಲಿ ಜಾಸ್ತಿ ಕಾಣುವ ಎಎಂಎಸ್1117, ಸುಮ್ನೆ ಕೂತಿರುವುದಕ್ಕೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ. ಚಿಪ್‌ನ 500 ಪಟ್ಟು! ಎಲ್ಲ ಸೇರಿ 10 ಮಿಲಿಆಂಪ್ ಅಂದುಕೊಂಡರೆ, 2000 ಮಿಲಿಆಂಪ್-ಅವರ್ ಬ್ಯಾಟರಿ 200 ಗಂಟೆಗೆ, ಅಂದರೆ ಎಂಟು ದಿನಕ್ಕೆ ಮುಗಿಯಿತು.

ಪ್ರೋಗ್ರಾಂ ಬರೆಯುವಾಗ ಯುಎಸ್‌ಬಿಯಲ್ಲೇ ಓಡಿಸಿ, ಚಿಂತೆಯಿಲ್ಲ. ಬ್ಯಾಟರಿಗೆ ಬೇಕಾದರೆ, ಕಡಿಮೆ ಕರೆಂಟ್ ತಿನ್ನುವ ರೆಗ್ಯುಲೇಟರ್ ಇರುವ ಬೋರ್ಡ್ ಹುಡುಕಿ. ಮಲ್ಟಿಮೀಟರಿನಲ್ಲಿ ಅಳೆಯುವಾಗ ಒಂದು ಎಚ್ಚರ: ಮೈಕ್ರೋಆಂಪ್ ರೇಂಜಿನಲ್ಲಿ ವೈಫೈ ಆನ್ ಆದರೆ ಮೀಟರೊಳಗೇ ವೋಲ್ಟೇಜ್ ಕುಸಿದು ಬೋರ್ಡ್ ಪದೇ ಪದೇ ರೀಸೆಟ್ ಆಗಬಹುದು.